ಕ್ಯಾಮೆರಾಕ್ಕೊಂದು ಕೈದಾರ

ನನ್ನ ಕೈಗಳ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವು ದುರ್ಬಲವಾದವುಗಳೇನಲ್ಲ. ತುಂಬಿದ ಕೊಡ ಎತ್ತಬಲ್ಲವು, ಕೈವಾರವಿಲ್ಲದೆ ಕರಿಹಲಗೆಯ ಮೇಲೆ ದುಂಡಗಿನ ವೃತ್ತ ಬರೆಯಬಲ್ಲವು. ಅವುಗಳ ದೋಷ ಒಂದೇ: ಹಿಡಿದದ್ದನ್ನು ಹಿಡಿದೇ ಇರಬೇಕೆಂಬುದು ಅವಕ್ಕೆ ಬಹಳ ಹೊತ್ತು ನೆನಪಿರುವುದಿಲ್ಲ. ತಲೆಯೊಳಗೆ ಬೇರೆ ಏನಾದರೂ ವಿಚಾರ ಬಂದರೆ ಬೆರಳುಗಳೂ ಹಿಡಿದ ಕೆಲಸ ಬಿಟ್ಟು ಅದನ್ನು ಕೇಳಲು ಹೋಗಿಬಿಡುತ್ತವೆ. ನನ್ನ ಮದುವೆಯಲ್ಲಿ ಮಾವನವರು ಕೈಗಿತ್ತ ಬೆಳ್ಳಿಯ ತಂಬಿಗೆಯನ್ನು ಅಲ್ಲೇ ಅಯ್ಯನವರ ಪಾದದ ಮೇಲೆ ಬಿಟ್ಟವನು ನಾನು. ಅಯ್ಯನವರು ಮಂತ್ರದ ನಡುವೆ ಮಂತ್ರವಲ್ಲದ ಒಂದು ಮಾತನ್ನು ಅಂದರು. ಅದೂ ಮಂತ್ರವೇ ಇರಬೇಕೆಂದು ನೆರೆದವರು ಅಕ್ಷತೆ ಹಾಕಿಬಿಟ್ಟರು. ಹಾಗೆ ನೋಡಿದರೆ ನಾನು ಕೈಹಿಡಿದವುಗಳಲ್ಲಿ ಇನ್ನೂ ಬೀಳದೆ ಉಳಿದದ್ದು ನನ್ನ ಹೆಂಡತಿ ಗೌರಮ್ಮ ಒಬ್ಬಳೇ. ಅದರಲ್ಲಿಯೂ ನನ್ನ ಹಿಡಿತಕ್ಕಿಂತ ಆಕೆಯ ಹಿಡಿತವೇ ಹೆಚ್ಚು ಕೆಲಸ ಮಾಡಿದೆ ಎಂದು ಬಲ್ಲವರು ಹೇಳುತ್ತಾರೆ.

ಇಂಥ ಕೈಗಳಿಗೆ ಒಂದು ಕ್ಯಾಮೆರಾ ಸಿಕ್ಕಿತು. ಆಗ ನಾನು ಕಲಬುರಗಿಯ ಸರಕಾರಿ ಶಾಲೆಯಲ್ಲಿ ಲೆಕ್ಕದ ಮಾಸ್ತರ. ನಿಜಾಮರ ಸರಕಾರದ ಕಾಲ, ಕಲಿಸುವುದೆಲ್ಲ ಉರ್ದುವಿನಲ್ಲಿ. ಹಗಲೆಲ್ಲ ಉರ್ದುವಿನಲ್ಲಿ ಗುಣಿಸಿ ಭಾಗಿಸಿ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಬೈಸಿಕೊಳ್ಳುವುದು ನನ್ನ ದಿನಚರಿಯಾಗಿತ್ತು. ನಮ್ಮ ಶಾಲೆಯ ವಿಜ್ಞಾನದ ಮಾಸ್ತರರಿಗೆ ಕ್ಯಾಮೆರಾದ ಹುಚ್ಚು ಇಳಿದು ಸೈಕಲ್ಲಿನ ಹುಚ್ಚು ಏರಿದ್ದ ಹೊತ್ತಿಗೆ ನನ್ನದು ಸರಿಯಾಗಿ ಅದರ ತಿರುಗುಮುರುಗು ಆಗಿತ್ತು. ನಾನು ಸೈಕಲ್ ಕೊಟ್ಟೆ, ಅವರು ಕ್ಯಾಮೆರಾ ಕೊಟ್ಟರು. ಮನೆಗೆ ನಡೆದುಕೊಂಡು ಬಂದು, ಬೆವರು ಒರೆಸಿಕೊಳ್ಳುತ್ತ, ಡಬ್ಬಿಯನ್ನು ಗೌರಮ್ಮನ ಮುಂದಿಟ್ಟೆ. ಆಕೆ ಅದನ್ನು ಸುತ್ತ ತಿರುಗಿಸಿ ನೋಡಿ, “ನಮ್ಮನ್ನ ಹೊತ್ತು ತಿರುಗೋದು ಕೊಟ್ಟು, ನಾವು ಹೊತ್ತು ತಿರುಗೋದು ತಂದೀರಿ,” ಎಂದಳು. ಲೆಕ್ಕದ ಮಾಸ್ತರನಾದ ನನಗೆ ಆ ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ.

ಅದು ಕರಿ ರಟ್ಟಿನ ಒಂದು ಡಬ್ಬಿ. ಮುಂದೆ ಒಂದು ಕಣ್ಣು, ಮೇಲೆ ಹೆಬ್ಬೆರಳಿನ ಉಗುರಿನಷ್ಟು ಗಾಜಿನ ಕಿಟಕಿ, ಬದಿಗೆ ಒತ್ತಲು ಒಂದು ಸಣ್ಣ ಕಡ್ಡಿ. ಡಬ್ಬಿಯನ್ನು ಹೊಟ್ಟೆಗೆ ಆನಿಸಿ ಹಿಡಿದು, ತಲೆ ಬಗ್ಗಿಸಿ ಗಾಜಿನಲ್ಲಿ ನೋಡಿ, ಉಸಿರು ಬಿಗಿಹಿಡಿದು ಕಡ್ಡಿ ಒತ್ತಬೇಕು. ನನ್ನ ತೊಂದರೆ ಏನೆಂದರೆ, ನಾನು ತಲೆ ಬಗ್ಗಿಸಿದಾಗ ಡಬ್ಬಿಯೂ ಮರ್ಯಾದೆಗೆಂದು ನನ್ನ ಜೊತೆಗೇ ಬಗ್ಗುತ್ತಿತ್ತು. ಹೀಗಾಗಿ ನಾನು ತೆಗೆದ ಚಿತ್ರಗಳಲ್ಲಿ ಯಾರಿಗೂ ತಲೆ ಇರುತ್ತಿರಲಿಲ್ಲ. ನಮ್ಮ ಹೆಡ್‌ಮಾಸ್ತರರು ಶೇರವಾನಿ ತೊಟ್ಟು ಬಹಳ ಹೊತ್ತು ನಿಂತು ತೆಗೆಸಿಕೊಂಡ ಚಿತ್ರದಲ್ಲಿ ಅವರ ಬೂಟುಗಳು ಅತ್ಯಂತ ಗಂಭೀರವಾಗಿ ಬಂದಿದ್ದವು. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಪಾಲಿಶ್ ಚೆನ್ನಾಗಿದೆ ಎಂದಷ್ಟೇ ಹೇಳಿ ಹಿಂದಕ್ಕೆ ಕೊಟ್ಟರು.

ಡಬ್ಬಿಯ ಮೇಲೆ ಎತ್ತಿಕೊಂಡು ಓಡಾಡಲು ತೊಗಲಿನ ಒಂದು ಹಿಡಿಕೆ ಇತ್ತು. ಅದು ಎಷ್ಟೋ ಮಳೆಗಾಲ ಕಂಡ ಹಿಡಿಕೆ. ಒಂದು ದಿನ ಕೆರೆಯ ದಂಡೆಯ ಮೇಲೆ ನಿಂತು, ನೀರಿನ ಮೇಲೆ ಬಿದ್ದ ಬಿಸಿಲನ್ನು ಯಾವ ಕೋನದಿಂದ ಹಿಡಿಯಬೇಕೆಂದು ಯೋಚಿಸುತ್ತಿದ್ದಾಗ ಹಿಡಿಕೆ ಕಿತ್ತು ಬಂತು. ಹಿಡಿಕೆ ನನ್ನ ಕೈಯಲ್ಲಿಯೇ ಉಳಿಯಿತು, ಕ್ಯಾಮೆರಾ ಮೆಟ್ಟಿಲು ಇಳಿಯತೊಡಗಿತು. ಕೆಳಗೆ ಒಬ್ಬ ಅಗಸ ಹಿಂಡಿಟ್ಟ ಅರಿವೆಗಳ ರಾಶಿ ಇಲ್ಲದಿದ್ದರೆ ಅದು ಕೆರೆಯ ತಳದಲ್ಲಿ ಮೀನುಗಳ ಚಿತ್ರ ತೆಗೆಯುತ್ತ ಇರಬೇಕಾಗಿತ್ತು. ಅಗಸ ಅದನ್ನು ರಾಶಿಯೊಳಗಿಂದ ಎತ್ತಿ ನೀರು ಒರೆಸಿ, “ಇದನ್ನೂ ಒಗೀಬೇಕೇನ್ರಿ ಮಾಸ್ತರ?” ಎಂದು ಬಹಳ ಸೌಜನ್ಯದಿಂದ ಕೇಳಿದ.

ಆ ದಿನವೇ ನಿಶ್ಚಯ ಮಾಡಿದೆ. ನನ್ನ ಬೆರಳುಗಳನ್ನು ನಂಬುವುದು ಮುಗಿಯಿತು. ಇನ್ನು ಕ್ಯಾಮೆರಾವನ್ನು ನನ್ನ ಮಣಿಕಟ್ಟಿಗೇ ಕಟ್ಟಬೇಕು, ಬೆರಳು ಬಿಟ್ಟರೂ ಮಣಿಕಟ್ಟು ಬಿಡಬಾರದು. ಹಿಡಿಕೆ ಇದ್ದ ಜಾಗದಲ್ಲಿ ಎರಡು ಗಟ್ಟಿಯಾದ ಕೊಂಡಿಗಳು ಹಾಗೆಯೇ ಉಳಿದಿದ್ದವು. ಅವಕ್ಕೆ ಒಂದು ದಾರ ಪೋಣಿಸಿ ಕುಣಿಕೆ ಮಾಡಿದರೆ ಆಯಿತು. ಕೇಳಲು ಎಷ್ಟು ಸುಲಭ. ಹಿತ್ತಿಲಲ್ಲಿ ಅರಿವೆ ಒಣಹಾಕುವ ಪುಂಡಿ ನಾರಿನ ಹಗ್ಗದಿಂದ ಒಂದು ತುಂಡು ಕತ್ತರಿಸಿ ಮೊದಲ ಕೈದಾರ ಮಾಡಿದೆ. ಗಟ್ಟಿಯೇನೋ ಇತ್ತು. ಆದರೆ ಮರುದಿನ ಮಣಿಕಟ್ಟನ್ನು ತುರಿಸಿಕೊಳ್ಳುತ್ತಲೇ ಪಾಠ ಹೇಳಬೇಕಾಗಿ ಬಂದು, ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಬರೆದ ವೃತ್ತಕ್ಕೆ ಮೂಲೆಗಳು ಬಂದವು. ಅದನ್ನು ಬಿಚ್ಚಿ ಎಸೆದೆ. ಎರಡನೆಯದಕ್ಕೆ ಮೆತ್ತಗಿನದೇ ಬೇಕೆಂದು ಹುಡುಕುವಾಗ ನನ್ನ ಪೈಜಾಮದ ಲಾಡಿ ಕಣ್ಣಿಗೆ ಬಿತ್ತು. ಬಹಳ ಚೆನ್ನಾಗಿ ಕುಳಿತಿತು. ಬೆಳಿಗ್ಗೆ ಶಾಲೆಗೆ ಹೊತ್ತಾಗಿ, ಪೈಜಾಮವನ್ನು ಹೇಗೋ ಗಂಟು ಹಾಕಿ ಸಿಕ್ಕಿಸಿಕೊಂಡು, ಮೇಲೆ ಶೇರವಾನಿ ತೊಟ್ಟು ಓಡಿದೆ. ಅಂದೇ ಇನ್‌ಸ್ಪೆಕ್ಟರ್ ಸಾಹೇಬರು ತರಗತಿಗೆ ಬರಬೇಕೆ? ಎಡಗೈಯನ್ನು ಸೊಂಟದಿಂದ ತೆಗೆಯದೆ, ಬಲಗೈಯೊಂದರಲ್ಲೇ ಸಲಾಮು ಮಾಡಿ, ಪಾಠ ಹೇಳಿ, ಪುಸ್ತಕದ ಹಾಳೆ ತಿರುವಿ, ಬಾಗಿಲವರೆಗೂ ಹೋಗಿ ಅವರನ್ನು ಬೀಳ್ಕೊಟ್ಟೆ. ಸಾಹೇಬರು ದಯಾಳುಗಳು. ಹೊಟ್ಟೆನೋವಿಗೆ ಯಾವ ಹಕೀಮರ ಚೂರ್ಣ ಒಳ್ಳೆಯದೆಂದು ಹೇಳಿ ಹೋದರು.

ಲಾಡಿ ಮರಳಿ ಪೈಜಾಮಕ್ಕೇ ಹೋಯಿತು. ಕೈಗೆ ಸಿಕ್ಕ ಯಾವುದೋ ಒಂದು ಎಳೆಯನ್ನು ನಂಬಿ ಪ್ರಯೋಜನವಿಲ್ಲ, ಹಲವು ಎಳೆ ಸೇರಿಸಿ ಹೆಣೆಯಬೇಕೆಂದು ಆಗ ಹೊಳೆಯಿತು. ಬಜಾರಿನಲ್ಲಿ ಉಡದಾರದ ಕರಿನೂಲು ಮಾರುವ ಅಂಗಡಿಗೆ ಹೋದೆ. ಅಂಗಡಿಯವನು, ಯಾವ ಸೊಂಟಕ್ಕೆ, ಕೂಸಿನದೋ ದೊಡ್ಡವರದೋ ಎಂದು ಕೇಳಿದ. ಸೊಂಟಕ್ಕಲ್ಲ, ಮಣಿಕಟ್ಟಿಗೆ ಎಂದೆ. ದೃಷ್ಟಿ ಆಗಿದೆಯೇ ಎಂದು ವಿಚಾರಿಸಿದ. ಇಲ್ಲ, ಕ್ಯಾಮೆರಾ ಬೀಳದ ಹಾಗೆ ಕಟ್ಟಲು ಎಂದೆ. ಅವನು ನೂಲನ್ನು ಅಳೆಯುವುದು ಬಿಟ್ಟು ಒಂದು ಕ್ಷಣ ನನ್ನನ್ನೇ ಅಳೆದು ನೋಡಿ, ಕೇಳಿದ್ದಕ್ಕಿಂತ ಒಂದು ಮೊಳ ಹೆಚ್ಚಿಗೇ ಕೊಟ್ಟು ಕಳಿಸಿದ. ನೂಲು ಬಂತು, ಹೆಣೆಯುವುದು ಹೇಗೆಂದು ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಗೌರಮ್ಮ ಕನ್ನಡಿಯ ಮುಂದೆ ಕುಳಿತು ಜಡೆ ಹಾಕಿಕೊಳ್ಳುತ್ತಿದ್ದಳು. ನಾನು ಹಿಂದೆ ಬಂದು ನಿಂತು ಕಣ್ಣಿಟ್ಟು ನೋಡತೊಡಗಿದೆ. ಮೂರು ಎಳೆಗಳು ಒಂದರ ಮೇಲೊಂದು ಏರಿ ಇಳಿಯುವುದು ಎಷ್ಟು ಸರಳ, ಎಷ್ಟು ಚೆಂದ. ಅರ್ಧ ಕಣ್ತಪ್ಪಿತೆಂದು, ಇನ್ನೊಮ್ಮೆ ಬಿಚ್ಚಿ ಹಾಕಿಕೊ ಎಂದೆ. ಆಕೆಯ ಕಿವಿಯ ತುದಿ ಕೆಂಪಾಯಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನ ಕಣ್ಣಿಗೆ ತನ್ನ ಜಡೆ ಬಿದ್ದಿತೆಂದು ಆಕೆ ತಿಳಿದಿರಬೇಕು, ಮಾತಾಡದೆ ಬಿಚ್ಚಿ ಮತ್ತೆ ನಿಧಾನವಾಗಿ ಹೆಣೆದಳು. ನಾನು ಖುಷಿಯಿಂದ, ತಿಳಿಯಿತು, ಇನ್ನು ಕ್ಯಾಮೆರಾ ಬೀಳುವುದಿಲ್ಲ ಎಂದೆ. ಆ ದಿನ ಪಲ್ಯದಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು. ನಾನು ಪೂರ್ತಿ ಉಂಡೆ.

ಅಂತೂ ಕೈದಾರ ಆಯಿತು. ನೂಲಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ನಾಲಗೆ ಕಚ್ಚಿಕೊಂಡು, ತಪ್ಪಿದಾಗಲೆಲ್ಲ ಬಿಚ್ಚಿ, ಬಿಗಿಯಾಗಿ ಹೆಣೆದೆ. ಕುಣಿಕೆ ಸಡಿಲಾಗದಂತೆ ಜಾರಿಸಿ ಬಿಗಿ ಮಾಡಲು ನಡುವೆ ಒಂದು ಕಟ್ಟಿಗೆಯ ಮಣಿ ಪೋಣಿಸಿದೆ. ಪರೀಕ್ಷೆಗೆಂದು ನೀರು ತುಂಬಿದ ಹಿತ್ತಾಳೆಯ ತಂಬಿಗೆಯನ್ನು ಅದರಿಂದ ಮಣಿಕಟ್ಟಿಗೆ ಜೋತುಬಿಟ್ಟುಕೊಂಡು ಮನೆಯೆಲ್ಲ ಓಡಾಡಿದೆ. ನೀರು ಚೆಲ್ಲಿತು, ತಂಬಿಗೆ ಬೀಳಲಿಲ್ಲ. ಈ ಕೈಗಳಿಂದ ಹುಟ್ಟಿದ, ಹೇಳಿಕೊಳ್ಳಬಹುದಾದ ವಸ್ತು ಅದೊಂದೇ ಎಂದು ಇಂದಿಗೂ ನನ್ನ ಅಭಿಪ್ರಾಯ.

ಅದೇ ವಾರ ಕಮಲಾಪುರದಿಂದ ಒಂದು ಸುದ್ದಿ ಬಂತು. ಕಮಲಾಪುರ ಗೌರಮ್ಮನ ತವರು. ಅಲ್ಲಿಂದ ಕಲಬುರಗಿಯ ಪೇಟೆಗೆ ಕೆಂಪು ಬಾಳೆಹಣ್ಣು ತರುವ ಗೌಡರೊಬ್ಬರು ನಮ್ಮ ಅತ್ತೆಯವರು ಹೇಳಿ ಕಳಿಸಿದ ಮಾತನ್ನು ಬಾಗಿಲಲ್ಲೇ ನಿಂತು ಒಪ್ಪಿಸಿದರು. ನಮ್ಮ ಅತ್ತೆ ಈರಮ್ಮನವರು ಅಳಿಯನಿಂದ ಒಂದು ಲೋಟ ನೀರನ್ನೂ ಕೇಳಿ ಇಸಿದುಕೊಂಡವರಲ್ಲ, ನನ್ನ ಜೊತೆ ನೇರವಾಗಿ ಮಾತಾಡಿದವರೂ ಅಲ್ಲ. ಹೇಳುವುದಿದ್ದರೆ ಮಗಳಿಗೆ ಹೇಳಿ, ನನಗೆ ಕೇಳಿಸುವ ಹಾಗೆ ಮಾಡುತ್ತಿದ್ದರು. ಅಂಥವರು ಈಗ, ಅಳಿಯಂದಿರು ತಮ್ಮ ಚಿತ್ರದ ಡಬ್ಬಿ ತಗೊಂಡು ಬೇಗ ಬರಬೇಕು, ಅಮೀನಾಬಿ ಊರು ಬಿಡುತ್ತಿದ್ದಾಳೆ ಎಂದು ಹೇಳಿ ಕಳಿಸಿದ್ದರು.

ಅಮೀನಾಬಿ ಅತ್ತೆಯವರ ಪಕ್ಕದ ಮನೆಯಾಕೆ. ಇಬ್ಬರೂ ಒಂದೇ ಕಾಲಕ್ಕೆ ಆ ಓಣಿಗೆ ಸೊಸೆಯರಾಗಿ ಬಂದವರು. ಎರಡು ಮನೆಗಳ ಅಂಗಳದ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಲ್ಲಿ ಒಲೆಗೆ ಕೆಂಡ, ಕರಿಬೇವು, ಸೂಜಿದಾರ, ಕೂಸಿಗೆ ಜ್ವರ ಬಂದಾಗ ಔಷಧ, ಹಬ್ಬಕ್ಕೆ ಆ ಕಡೆಯಿಂದ ಒಣ ಶಾವಿಗೆ ಉತ್ತುತ್ತಿ, ಈ ಕಡೆಯಿಂದ ಎಳ್ಳು ಬೆಲ್ಲ ಎಲ್ಲ ದಾಟಿವೆ. ಜಗಳವೂ ದಾಟಿದೆ. ಒಮ್ಮೆ ಕೋಪಗೊಂಡು ಅತ್ತೆಯವರು ಕಿಂಡಿಗೆ ಇಟ್ಟಿಗೆ ಇಟ್ಟು ಮುಚ್ಚಿದ್ದರಂತೆ. ಸಂಜೆಯೊಳಗೆ ಕೆಂಡ ಬೇಕಾಗಿ ತಾವೇ ತೆಗೆದರಂತೆ. ಈಗ ಅಮೀನಾಬಿಯ ಮಗ ಖಾದರನಿಗೆ ಹೈದರಾಬಾದಿನ ರೈಲ್ವೆ ಕಾರ್ಖಾನೆಯಲ್ಲಿ ನೌಕರಿ ಕಾಯಂ ಆಗಿತ್ತು. ತಾಯಿಯನ್ನು ಕರೆದೊಯ್ಯಲು ಬಂದಿದ್ದ. ಇಬ್ಬರು ಮುದುಕಿಯರಿಗೂ ಓದು ಬರಹ ಬಾರದು. ಇನ್ನು ಒಬ್ಬರ ಮುಖ ಒಬ್ಬರು ಕಾಣುವುದು ಯಾವಾಗಲೋ ಏನೋ. ಅದಕ್ಕೇ ಅತ್ತೆಯವರಿಗೆ ಚಿತ್ರ ಬೇಕಾಗಿತ್ತು.

ಬೆಳಗಿನ ಸರ್ವಿಸ್ ಮೋಟಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ಜೋಳದ ಹೊಲ, ಎತ್ತು, ಮಹಾಗಾಂವದ ಹತ್ತಿರ ಕೆಟ್ಟು ನಿಂತ ಇನ್ನೊಂದು ಮೋಟಾರು ಎಲ್ಲವನ್ನೂ ತೆಗೆಯುತ್ತ, ಫಿಲ್ಮಿನ ಸುರುಳಿಯ ಕೊನೆಯ ಒಂದು ಚಿತ್ರವನ್ನಷ್ಟೇ ಉಳಿಸಿಕೊಂಡು ಕಮಲಾಪುರ ಮುಟ್ಟಿದೆ. ಇದು ತಿಳಿದಾಗ ಗೌರಮ್ಮ ಡಬ್ಬಿಯನ್ನು ನನ್ನ ಮಣಿಕಟ್ಟಿನಿಂದ ಬಿಡಿಸಿಕೊಂಡು, ಸೆರಗಿನಲ್ಲಿ ಮುಚ್ಚಿ ಹಿಡಿದು ಮನೆಯವರೆಗೆ ನಡೆದಳು. ಅತ್ತೆಯವರ ಅಂಗಳದಲ್ಲಿ ಒಳ್ಳೆಯ ಬಿಸಿಲು ಬಿದ್ದಿತ್ತು. ಗೋಡೆಯ ಮುಂದೆ ಚಾಪೆ ಹಾಸಿ, ನಾನು ಹಿಂದೆ ಮುಂದೆ ನಡೆದು, ದೊಡ್ಡ ದೊಡ್ಡ ಸ್ಟುಡಿಯೋದವರ ಗತ್ತಿನಲ್ಲಿ ಎಲ್ಲ ಸಿದ್ಧ ಮಾಡಿದೆ. ಆಗ ಕಿಂಡಿಯಿಂದ ಅಮೀನಾಬಿಯ ದನಿ ಬಂತು. ಆ ದನಿ ನನಗೆ ಹೊಸದಲ್ಲ. ಹೋದಾಗಲೆಲ್ಲ ಗೋಡೆಯ ಆಚೆಯಿಂದ, ಜಮಾಯಿ ಬಂದಾರೇನು, ಚಂದ ಅದಾರೇನು ಎಂದು ಅದು ಅಳಿಯನ ಕ್ಷೇಮ ವಿಚಾರಿಸುತ್ತಿತ್ತು. ಆದರೆ ಆಕೆ ಪರಗಂಡಸರಿಗೆ ಕಾಣಿಸಿಕೊಳ್ಳದ ಗೋಷೆಯ ಹೆಂಗಸು, ಮುಖ ನಾನು ಕಂಡವನಲ್ಲ. ಆಕೆ ಗೌರಮ್ಮನನ್ನು ಕರೆದು ಹೇಳಿದ್ದು ಇಷ್ಟು: “ಚಿತ್ರ ಯಾರು ಬೇಕಾದ್ರೂ ನೋಡ್ಲಿ ಬೇಟಾ, ಅದು ಕಾಗದ. ನಾ ಕುಂತಾಗ ಎದುರಿಗಿ ಗಂಡಸು ಇರಬಾರದು, ಅಷ್ಟ.”

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ತನ್ನ ಗೆರೆ ಎಲ್ಲಿದೆ ಎಂದು ಆಕೆಗೆ ಸ್ಪಷ್ಟವಾಗಿ ಗೊತ್ತಿತ್ತು. ದಿನವೂ ಕರಿಹಲಗೆಯ ಮೇಲೆ ಗೆರೆ ಎಳೆಯುವ ನನಗೇ ಅಷ್ಟು ನೇರವಾಗಿ ಎಳೆಯಲು ಬಾರದು. ಆದರೂ ಬಿಡಲಾರದೆ, ಬೇಕಾದರೆ ನಾನು ಕಣ್ಣು ಮುಚ್ಚಿಕೊಂಡೇ ತೆಗೆಯುತ್ತೇನೆ ಎಂದು ಸೂಚಿಸಿದೆ. ನನ್ನ ಚಿತ್ರಗಳನ್ನೆಲ್ಲ ನೋಡಿದ್ದ ಗೌರಮ್ಮ, ಇಷ್ಟು ದಿನವೂ ಹಾಗೆಯೇ ಅಲ್ಲವೇ ತೆಗೆದದ್ದು ಎಂದಳು. ಅತ್ತೆಯವರು ಮಗಳ ಕಡೆ ತಿರುಗಿ, “ನೀನ ತಗೀ ಗೌರಾ. ನಿನ್ನ ಕೈಗೇನು ಆಗ್ಯಾದ?” ಎಂದರು.

ಗೌರಮ್ಮ ಹಿಂದೆ ಸರಿದಳು. ಆಕೆ ಆ ಡಬ್ಬಿಯನ್ನು ಒರೆಸಿ ಎತ್ತಿಟ್ಟಿದ್ದಳೇ ಹೊರತು ಒಂದು ಸಲವೂ ಒತ್ತಿದವಳಲ್ಲ. ಉಳಿದಿದ್ದದ್ದು ಒಂದೇ ಚಿತ್ರ. ಅಮೀನಾಬಿ ಹೊರಡುವುದು ಮರುದಿನ. ಹೇಗೆ ಹಿಡಿಯಬೇಕು, ಎಲ್ಲಿ ನೋಡಬೇಕು ಎಂದು ನಾನು ಹೇಳಿಕೊಟ್ಟೆ. ಎಲ್ಲವನ್ನೂ ಕೇಳಿ ಆಕೆ ಮೆಲ್ಲಗೆ, ಕೈಯಿಂದ ಜಾರಿದರೆ ಎಂದಳು. “ಜಾರಲಿ. ಬೀಳಂಗಿಲ್ಲ. ನಾ ಹೆಣದೀನಿ,” ಎಂದೆ. ಅಷ್ಟು ಧೈರ್ಯದಿಂದ ನಾನು ಅದಕ್ಕೂ ಮುಂಚೆ ಏನನ್ನೂ ಹೇಳಿರಲಿಲ್ಲ. ಆದರೆ ಕುಣಿಕೆ ನನ್ನ ಕೈಯ ಅಳತೆಯದು, ಆಕೆಯ ಕೈಗೆ ಹಾಕಿದರೆ ಬಳೆ ಇದ್ದಷ್ಟು ಸಡಿಲ. ಮಣಿ ಜಾರಿಸಿದರೂ ಸಾಲಲಿಲ್ಲ. ಅಲ್ಲಿಯೇ ಬಿಚ್ಚಿ ಹೊಸ ಗಂಟು ಹಾಕಬೇಕು, ಅದಕ್ಕೆ ಆಕೆಯ ಮಣಿಕಟ್ಟನ್ನು ಹಿಡಿದುಕೊಳ್ಳಬೇಕು. ಆಗಿನ ಕಾಲವನ್ನು ಬಲ್ಲವರಿಗೆ ನನ್ನ ಸಂಕಟ ತಿಳಿದೀತು. ಹಿರಿಯರ ಎದುರು ಗಂಡಹೆಂಡಿರು ಮಾತಾಡುವುದೇ ಹೆಚ್ಚು, ನಾನು ಅತ್ತೆಯವರ ಅಂಗಳದ ನಡುವೆ, ಹಾಡಹಗಲಲ್ಲಿ, ಹೆಂಡತಿಯ ಹಸಿರು ಬಳೆಗಳನ್ನು ಮೇಲೆ ಸರಿಸಿ, ಕೈ ಹಿಡಿದು, ದಾರ ಸುತ್ತುತ್ತ ನಿಂತಿದ್ದೆ. ಅತ್ತೆಯವರು ಗೋಡೆಯ ಕಡೆ ತಿರುಗಿ ಸುಣ್ಣ ಎಲ್ಲೆಲ್ಲಿ ಉದುರಿದೆ ಎಂದು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದರು. ಕಿಂಡಿಯ ಆಚೆ ಯಾರೋ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕದ್ದು ಕೇಳಿಸಿತು. ಆದರೂ ಗಂಟು ಸರಿಯಾಗಿ ಬಿತ್ತು.

ಅಮೀನಾಬಿ ಹಿತ್ತಿಲ ಕಡೆಯಿಂದ ಬರಲೆಂದು ನನ್ನನ್ನು ಹೊರಗೆ ಕಳಿಸಿ ಮುಂಬಾಗಿಲು ಹಾಕಿದರು. ಕಟ್ಟೆಯ ಮೇಲೆ ಖಾದರ ಆಗಲೇ ಕುಳಿತಿದ್ದ. ಇಬ್ಬರೂ ಹೊರದೂಡಲ್ಪಟ್ಟವರು, ಬೇಗ ಸ್ನೇಹವಾಯಿತು. ತಾಯಿ ಬರಲು ಒಪ್ಪಿದ್ದಾಳೆ, ಆದರೆ ಒಪ್ಪಿದಂದಿನಿಂದ ತನ್ನ ಜೊತೆ ಸರಿಯಾಗಿ ಮಾತಾಡಿಲ್ಲ ಎಂದು ಅವನು ನೆಲ ನೋಡುತ್ತ ಹೇಳಿಕೊಂಡ. ನಾನು ಸಮಾಧಾನ ಹೇಳಬೇಕಾಗಿತ್ತು. ನನ್ನ ಜೀವವೆಲ್ಲ ಒಳಗಿನ ಡಬ್ಬಿಯಲ್ಲಿತ್ತು. ಬಾಗಿಲಿಗೆ ಬಾಯಿಟ್ಟು, ಬಿಸಿಲು ಬೆನ್ನಿಗಿರಲಿ ಎಂದೆ. ಡಬ್ಬಿ ಬಗ್ಗಿಸಬೇಡ ಎಂದೆ. ಉಸಿರು ಬಿಗಿಹಿಡಿ ಎಂದೆ. ಬಹಳ ಹೊತ್ತಾದರೂ ಏನೂ ಆದಂತೆ ಕಾಣದೆ, ಇನ್ನು ಒತ್ತು ಎಂದೆ. ಒಳಗಿನಿಂದ ಗೌರಮ್ಮನ ದನಿ ಬಂತು: “ನೀವು ಸುಮ್ಮ ಕುಂದರ್ರಿ.” ತಾಯಿಯ ಎದುರು, ನೆರೆಯವರ ಎದುರು, ಓಣಿಗೆಲ್ಲ ಕೇಳುವ ಹಾಗೆ. ಖಾದರ ಮುಖ ಆಚೆ ತಿರುಗಿಸಿಕೊಂಡ. ನಾನು ಸುಮ್ಮನೆ ಕುಳಿತೆ.

ಆಮೇಲೆ ಒಳಗೆ ಏನೋ ಉರುಳಿದ ಸದ್ದು, ಅತ್ತೆಯವರು ಅಯ್ಯೋ ಬಿತ್ತು ಎಂದದ್ದು, ನಾನು ಕಟ್ಟೆಯಿಂದ ಜಿಗಿದೆದ್ದದ್ದು ಎಲ್ಲ ಒಟ್ಟಿಗೇ ಆದವು. ಮರುಕ್ಷಣ ಇಬ್ಬರು ಮುದುಕಿಯರು ನಗುವುದು ಕೇಳಿಸಿತು. ಹುಡುಗಿಯರು ನಕ್ಕ ಹಾಗೆ, ತಡೆಯಲಾರದ ನಗು. ಖಾದರ ತಲೆಯೆತ್ತಿದ. ತನ್ನ ತಾಯಿ ಹೀಗೆ ನಕ್ಕದ್ದನ್ನು ಕೇಳಿ ಬಹಳ ದಿನವಾಯಿತೆಂದ.

ಒಳಗೆ ನಡೆದದ್ದನ್ನು ಗೌರಮ್ಮ ಆಮೇಲೆ ಹೇಳಿದಳು. ಇಬ್ಬರೂ ಸಿಡುಬು ಬಾರದಿರಲೆಂದು ದೇವಿ ಹಾಕಿಸಿಕೊಳ್ಳಲು ಕುಳಿತವರ ಹಾಗೆ ಮೈ ಬಿಗಿಹಿಡಿದು, ಕಣ್ಣು ಅಗಲಿಸಿ ಕುಳಿತುಬಿಟ್ಟಿದ್ದರಂತೆ. ಹೀಗೆ ತೆಗೆದರೆ ಇದು ತನ್ನ ಅವ್ವನೂ ಅಲ್ಲ, ಅಮೀನಾಬಿಯೂ ಅಲ್ಲ ಎಂದು ಆಕೆಗೆ ಅನ್ನಿಸಿತಂತೆ. ಅದಕ್ಕೇ ಒತ್ತದೆ ಕಾದಳು. ಕಾಯುತ್ತ ಒಂದು ಹೆಜ್ಜೆ ಹಿಂದೆ ಸರಿದಾಗ ಕಾಲು ಒರಳುಕಲ್ಲಿಗೆ ತಾಗಿ, ಅದರ ಗುಂಡು ಉರುಳಿ, ಮುಗ್ಗರಿಸಿದಳು. ಡಬ್ಬಿ ಕೈಯಿಂದ ಹಾರಿತು. ಹಾರಿ, ನೆಲ ಮುಟ್ಟದೆ, ಮಣಿಕಟ್ಟಿನಿಂದ ಜೋತು, ಗಂಟೆಯ ನಾಲಗೆಯ ಹಾಗೆ ಅತ್ತಿತ್ತ ತೂಗಾಡಿತು. ಬಿದ್ದೇ ಹೋಯಿತೆಂದು ಕಣ್ಣು ಮುಚ್ಚಿದ್ದ ಮುದುಕಿಯರು ಕಣ್ಣು ತೆರೆದು, ಅದು ತೂಗಾಡುವುದನ್ನು ಕಂಡು ನಗತೊಡಗಿದರು. ಅಮೀನಾಬಿ ನಗುತ್ತ ಅತ್ತೆಯವರ ಹೆಗಲಿಗೆ ಕೈಯೂರಿದಳು. ನನ್ನ ಹೆಂಡತಿ, ಆಗಷ್ಟೇ ಮುಗ್ಗರಿಸಿದವಳು, ಒಂದೇ ಎಳೆತಕ್ಕೆ ದಾರ ಎಳೆದು ಡಬ್ಬಿಯನ್ನು ಹೊಟ್ಟೆಗಾನಿಸಿ ಒತ್ತಿದಳು. ಅದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ನಾನಾಗಿದ್ದರೆ ಡಬ್ಬಿಗೆ ಏನಾಯಿತೆಂದು ತಿರುಗಿಸಿ ನೋಡುತ್ತ ಕುಳಿತಿರುತ್ತಿದ್ದೆ. ಆಕೆ ನೋಡಿದ್ದು ಆ ಇಬ್ಬರನ್ನು.

ಮರುದಿನ ಮೊದಲ ಮೋಟಾರಿಗೇ ನಾವು ಕಲಬುರಗಿಗೆ ಬಂದೆವು. ಸುರುಳಿಯನ್ನು ತೊಳೆದು ಕೊಡುವ ಸ್ಟುಡಿಯೋದವರ ಮುಂದೆ, ಇಂದೇ ಬೇಕೆಂದು ಹಟ ಹಿಡಿದು ಕುಳಿತೆ. ಸಂಜೆಗೆ ಚಿತ್ರಗಳು ಬಂದವು. ಜೋಳದ ತೆನೆಯಿಲ್ಲದ ದಂಟು, ಕೊಂಬಿಲ್ಲದ ಎತ್ತು, ಬರಿಯ ಗಾಲಿಗಳ ಮೋಟಾರು. ಕೊನೆಯದನ್ನು ಸ್ಟುಡಿಯೋದವರು ತಾವೇ ಬೆಳಕಿಗೆ ಹಿಡಿದು ನಿಂತಿದ್ದರು. ಇದನ್ನು ತೆಗೆದ ಉಸ್ತಾದರು ಯಾರೆಂದು ಕೇಳಿದರು. ನಮ್ಮ ಮನೆಯವರು ಎಂದೆ. ಉಳಿದವನ್ನು ತೆಗೆದವರು ಯಾರೆಂದು ಅವರು ಕೇಳಲಿಲ್ಲ. ದೊಡ್ಡ ಮನುಷ್ಯರು.

ಖಾದರ ತಾಯಿಯನ್ನು ಕರೆದುಕೊಂಡು ಕಲಬುರಗಿಯಿಂದಲೇ ರೈಲು ಹಿಡಿಯಬೇಕಾಗಿತ್ತು. ಸ್ಟೇಷನ್ನಿಗೆ ಹೋಗುವ ಮುಂಚೆ ನಮ್ಮ ಮನೆಗೆ ಬಂದರು. ನಾನು ಪಡಸಾಲೆಯಲ್ಲಿ ಉಳಿದೆ. ಒಳಕೋಣೆಯಲ್ಲಿ ಗೌರಮ್ಮ ಅಮೀನಾಬಿಯ ಕೈಗೆ ಚಿತ್ರ ಕೊಟ್ಟಳು. ಆಮೇಲೆ ಅಮೀನಾಬಿ ಮೆಲ್ಲಗೆ, “ಕಿಂಡಿ ಸುದ್ದಾ ಬಂದದ ನೋಡು,” ಎಂದಳು. ಹಿಂದಿನ ಗೋಡೆಯಲ್ಲಿ, ಇಬ್ಬರ ತಲೆಗಳ ನಡುವೆ, ಅದು ನಿಜವಾಗಿಯೂ ಬಂದಿತ್ತು. ಹೊರಡುವಾಗ ಬುರಖಾದ ಒಳಗಿನಿಂದ ಆಕೆ ಖಾದರನನ್ನು ಹೆಸರಿಟ್ಟು ಕರೆದು, ಟಾಂಗಾ ಹತ್ತಿಸು ಎಂದಳು. ಅವನು ಓಡಿ ಬಂದ ರೀತಿ ನೋಡಿದರೆ ಅದು ಅವನಿಗೆ ಪಗಾರಕ್ಕಿಂತ ದೊಡ್ಡದಾಗಿತ್ತು. ಇನ್ನೊಂದು ಪ್ರತಿ ಕಮಲಾಪುರಕ್ಕೆ ಹೋಯಿತು. ಅತ್ತೆಯವರು ಅದನ್ನು ದೇವರ ಮಾಡದಲ್ಲಿಡದೆ ಒಲೆಯ ಮೇಲಿನ ಗೂಡಿನಲ್ಲಿ ಇಟ್ಟುಕೊಂಡರು. ದಿನವೆಲ್ಲ ತಾವು ಇರುವುದು ಅಲ್ಲಿಯೇ ಎಂಬುದು ಅವರ ವಾದ.

ನಮ್ಮ ಮನೆಯಲ್ಲಿ ಉಳಿದ ಪ್ರತಿಯನ್ನು ಕಂಡವರೆಲ್ಲ ತಮ್ಮ ಹೆಂಗಸರಿಗೆ ಹೇಳಿದರು, ಹೆಂಗಸರು ಊರಿಗೆಲ್ಲ ಹೇಳಿದರು. ಗಂಡಸರ ಎದುರು ಕುಳಿತುಕೊಳ್ಳಲಾರದ ಎಷ್ಟು ಜನ ಅಜ್ಜಿಯರು, ಬಾಣಂತಿಯರು, ಬೇಗಮರು ಈ ಕಲಬುರಗಿಯಲ್ಲಿ ಇದ್ದರೆಂಬುದು ನನಗೆ ಆಗಲೇ ತಿಳಿದದ್ದು. ವಾರಕ್ಕೊಂದು ಟಾಂಗಾ ಬಾಗಿಲಿಗೆ ಬಂದು ನಿಲ್ಲತೊಡಗಿತು. ಗೌರಮ್ಮ ಸೆರಗು ಹೊದ್ದು, ಡಬ್ಬಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ನಾನು ಜೊತೆಗೆ ಹೋಗಿ ಆ ಮನೆಯ ಗಂಡಸರೊಂದಿಗೆ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದೆ. ಚಹಾ ಬರುತ್ತಿತ್ತು. ಒಮ್ಮೆ ಒಬ್ಬ ವಕೀಲರು, ಅಮ್ಮನವರ ಈ ಕಸಬಿನಲ್ಲಿ ತಮ್ಮ ಪಾತ್ರವೇನು ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಲೆಕ್ಕದ ಮಾಸ್ತರ ಎಂದು ಹೇಳಬಹುದಾಗಿತ್ತು, ಕ್ಯಾಮೆರಾದ ಮಾಲೀಕ ಎಂದೂ ಹೇಳಬಹುದಾಗಿತ್ತು. ನಾನು ಎದೆ ಸೆಟೆಸಿ, ದಾರ ನಾನು ಹೆಣೆಯುತ್ತೇನೆ ಎಂದೆ. ಅದೇ ಉತ್ಸಾಹದಲ್ಲಿ ಕೈ ಬೀಸಿದೆನೆಂದು ಕಾಣುತ್ತದೆ. ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಬಸಿ ಎರಡೂ ವಕೀಲರ ಧೋತರದ ಮೇಲಿದ್ದವು.